ಶನಿವಾರದ ಬಾಯಿಲೆಕ್ಕ

ರಾಜ್ಯ ಒಂದಾಗಿ ನಾಲ್ಕು ವರ್ಷವಾಗುತ್ತ ಬಂದಿತ್ತು, ಲೆಕ್ಕ ಮಾತ್ರ ಇನ್ನೂ ಒಂದಾಗಿರಲಿಲ್ಲ. ಧಾರವಾಡದ ಕಡೆ ಒಂದು ಪುಸ್ತಕ, ರಾಯಚೂರಿನ ಕಡೆ ಇನ್ನೊಂದು, ಮಂಗಳೂರಿನವರದು ಬೇರೆ, ಮೈಸೂರಿನವರದಂತೂ ಬೇರೆಯೇ ಬೇರೆ. ಅಪ್ಪನಿಗೆ ವರ್ಗವಾಗಿ ಒಂದೂರಿನ ಹುಡುಗ ಇನ್ನೊಂದೂರಿನ ಸ್ಕೂಲಿಗೆ ಸೇರಿದರೆ, ತಾನು ಇಷ್ಟು ದಿನ ಕಲಿತದ್ದು ಲೆಕ್ಕವೋ ಬೇರೇನೋ ಎಂದು ಅವನಿಗೇ ಅನುಮಾನ ಬರುತ್ತಿತ್ತು. ಇದನ್ನೆಲ್ಲ ಸರಿಮಾಡಿ ಇಡೀ ರಾಜ್ಯಕ್ಕೆ ಒಂದೇ ಪಾಠ, ಒಂದೇ ಪರೀಕ್ಷೆ ತರಬೇಕೆಂದು ಬೆಂಗಳೂರಿನಲ್ಲಿ ಒಂದು ಕಮಿಟಿ ಮಾಡಿದರು. ಕಮಿಟಿ ತುಂಬ ಗಂಡಸರು. ಹೆಂಗಸು ಎಂದರೆ ಒಬ್ಬಳೇ, ಮೈಸೂರಿನ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರಾಗಿದ್ದ ಜಯಮೇರಿ.

ಜಯಮೇರಿಗೆ ಆಗ ನಲವತ್ತು ವರ್ಷ. ಮದುವೆಯಾಗಿರಲಿಲ್ಲ. ದೊಡ್ಡ ಚರ್ಚಿನ ಹಿಂದಿನ ಬೀದಿಯಲ್ಲಿ ಅಣ್ಣ ಸೆಲ್ವರಾಜ್ ಮನೆಯಲ್ಲಿ ಇದ್ದಳು. ಮಾತು ಕಡಿಮೆ, ಪಟ್ಟು ಜಾಸ್ತಿ. ಅವಳು ಒಂದು ಸಲ ಬೇಡ ಎಂದರೆ ಆ ಮನೆಯಲ್ಲಿ ಸಾರಿಗೆ ಉಪ್ಪು ಕೂಡ ಹೆಚ್ಚಾಗುತ್ತಿರಲಿಲ್ಲ.

ಆ ಹಟಕ್ಕೆ ಒಂದು ಹಳೇ ಗಾಯ ಕಾರಣ. ಅವಳು ಹದಿಮೂರು ವರ್ಷದವಳಿದ್ದಾಗ ಸ್ಕೂಲಿಗೆ ಇನ್‌ಸ್ಪೆಕ್ಟರು ಬಂದು ಬೋರ್ಡಿನ ಮೇಲೆ ಒಂದು ಲೆಕ್ಕ ಬರೆದರು. ಸೀಮೆಸುಣ್ಣ ಕೆಳಗಿಡುವ ಮೊದಲೇ ಜಯಮೇರಿ ಉತ್ತರ ಹೇಳಿದಳು. ಇನ್‌ಸ್ಪೆಕ್ಟರು ನಕ್ಕು, "ಯಾರಮ್ಮ ಹೇಳಿಕೊಟ್ಟಿದ್ದು, ಅಣ್ಣನಾ?" ಎಂದರು. ಕ್ಲಾಸಿಗೆ ಕ್ಲಾಸೇ ನಕ್ಕಿತು. ಉತ್ತರ ಸರಿಯಾಗಿತ್ತು, ಆದರೆ ಅದು ತನ್ನದೇ ಎಂದು ತೋರಿಸಲು ಅವಳ ಬಳಿ ಏನೂ ಇರಲಿಲ್ಲ. ಆಗ ಆ ಸ್ಕೂಲಿನ ಹೆಣ್ಣುಮಕ್ಕಳಿಗೆ ಬೀಜಗಣಿತ, ರೇಖಾಗಣಿತ ಕಲಿಸುತ್ತಿರಲಿಲ್ಲ. ಹಾಲಿನವನ ಲೆಕ್ಕ, ಅಗಸನ ಲೆಕ್ಕ, ಅಡುಗೆ ಸಾಮಾನಿನ ಲೆಕ್ಕ ಬಂದರೆ ಸಾಕು, ಮನೆ ತೂಗಿಸಿಕೊಂಡು ಹೋಗುತ್ತಾರೆ ಎಂದು ದೊಡ್ಡವರು ತೀರ್ಮಾನ ಮಾಡಿದ್ದರು. ಹುಡುಗಿಯರೇ ಅದಕ್ಕೆ ಒಗ್ಗರಣೆ ಲೆಕ್ಕ ಎಂದು ಹೆಸರಿಟ್ಟಿದ್ದರು. ಜಯಮೇರಿ ಅಣ್ಣನ ಪುಸ್ತಕ ಕದ್ದು ಓದಿ, ಮನೆಯಲ್ಲಿ ಜಗಳ ಮಾಡಿ ಕಾಲೇಜು ಸೇರಿ, ಲೆಕ್ಕದಲ್ಲೇ ಡಿಗ್ರಿ ಮಾಡಿಕೊಂಡಳು. ಮಾಡಿಕೊಂಡು ಅದೇ ಊರಿನಲ್ಲಿ ಟೀಚರಾದಳು. ಬಂದು ನೋಡಿದರೆ ಕಲಿಸಬೇಕಾಗಿದ್ದದ್ದು ಅದೇ ಒಗ್ಗರಣೆ ಲೆಕ್ಕ.

ಆ ಬೇಸರಕ್ಕೆ ಅವಳೇ ಒಂದು ಮದ್ದು ಕಂಡುಕೊಂಡಿದ್ದಳು. ಶನಿವಾರ ಬೆಳಗಿನ ಸ್ಕೂಲು. ಕೊನೆಯ ಪೀರಿಯಡ್ಡಿನಲ್ಲಿ ಬಾಯಿಲೆಕ್ಕ. ಹುಡುಗಿಯರೆಲ್ಲ ಎದ್ದು ನಿಂತು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳಬೇಕು. ಪೆನ್ಸಿಲ್ ಮುಟ್ಟಿದವಳು ಸೋತ ಹಾಗೆ. "ತಲೇಲಿ ಆಗೋ ಕೆಲಸಕ್ಕೆ ಕೈಗೆ ಯಾಕೆ ತೊಂದರೆ ಕೊಡ್ತೀರಿ?" ಎಂದು ಜಯಮೇರಿ ಗದರಿಸುತ್ತಿದ್ದಳು. ಪಠ್ಯದಲ್ಲಿಲ್ಲದ ಲೆಕ್ಕಗಳನ್ನು, ಗಂಡುಮಕ್ಕಳ ಸ್ಕೂಲಿನ ಲೆಕ್ಕಗಳನ್ನು ಕಥೆ ಕಟ್ಟಿ ಹೇಳುತ್ತಿದ್ದಳು. ಮೊದಲು ಉತ್ತರ ಕೊಟ್ಟವಳು ಕೂರುತ್ತಿದ್ದಳು. ಎರಡು ವರ್ಷದಿಂದ ಮೊದಲು ಕೂರುತ್ತಿದ್ದವಳು ಒಬ್ಬಳೇ, ಚಾಮುಂಡೇಶ್ವರಿ.

ಚಾಮು ಕುಂಬಾರಕೊಪ್ಪಲಿನ ಲಿಂಗಯ್ಯನ ಮಗಳು. ಲಿಂಗಯ್ಯನ ಅಪ್ಪ, ತಾತ ಬೇಸಾಯದವರು. ಲಿಂಗಯ್ಯ ಮಾತ್ರ ನೇಗಿಲು ಬಿಟ್ಟು ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರಾಗಿದ್ದ. ಹುಡುಗಿ ಸಣಕಲು, ಜಡೆ ಉದ್ದ, ನಗು ಬಂದರೆ ಬಾಯಿ ಮುಚ್ಚಿಕೊಳ್ಳುವ ಅಭ್ಯಾಸ. ಒಂದು ಶನಿವಾರ ಜಯಮೇರಿ ಕೇಳಿದಳು, "ಒಂದು ತೊಟ್ಟಿ. ದೊಡ್ಡ ನಲ್ಲಿ ಬಿಟ್ಟರೆ ಮೂರು ಗಂಟೇಲಿ ತುಂಬುತ್ತೆ, ಸಣ್ಣ ನಲ್ಲಿ ಬಿಟ್ಟರೆ ಆರು ಗಂಟೆ. ಎರಡೂ ಒಟ್ಟಿಗೆ ಬಿಟ್ಟರೆ?"

"ಎರಡು ಗಂಟೆ ಮಿಸ್," ಎಂದು ಚಾಮು ಆಗಲೇ ಕೂರಲು ಹೊರಟಿದ್ದಳು.

"ನಿಂತ್ಕೋ. ಹೇಗೆ?"

"ಎರಡು ಸಣ್ಣ ನಲ್ಲಿ ಸೇರುದ್ರೆ ಒಂದು ದೊಡ್ಡ ನಲ್ಲಿ ತಾನೆ ಮಿಸ್? ಹಂಗಾದ್ರೆ ಈಗ ಮೂರು ಸಣ್ಣ ನಲ್ಲಿ ಬುಟ್ಟಂಗಾಯ್ತು. ಆರು ಗಂಟೇನ ಮೂರು ಭಾಗ ಮಾಡುದ್ರೆ ಆಯ್ತಲ್ಲ."

ಜಯಮೇರಿ ಇಂಥ ಲೆಕ್ಕವನ್ನು ಸಮೀಕರಣ ಹಾಕಿ ಬಿಡಿಸಲು ಕಲಿತವಳು. ಮೂರು ಸಣ್ಣ ನಲ್ಲಿಗಳು ಅವಳಿಗೆ ಯಾವತ್ತೂ ಹೊಳೆದಿರಲಿಲ್ಲ. ಆ ದಿನ ಮನೆಗೆ ಹೋಗುವ ದಾರಿಯುದ್ದಕ್ಕೂ ಅವಳಿಗೆ ಒಬ್ಬಳೇ ನಗುವ ಹಾಗಾಯಿತು.

ಚಾಮುವಿಗೆ ಟೀಚರಾಗುವ ಆಸೆ. ಎಸ್ಸೆಸ್ಸೆಲ್ಸಿ ಪಾಸಾದರೆ ಟ್ರೈನಿಂಗ್ ಸ್ಕೂಲಿನಲ್ಲಿ ಸೀಟು ಸಿಗುತ್ತಿತ್ತು. ಆದರೆ ಲಿಂಗಯ್ಯನ ಹೆಂಡತಿಗೆ ಒಬ್ಬ ತಮ್ಮನಿದ್ದ, ಹುಣಸೂರಿನಾಚೆ ಹೊಗೆಸೊಪ್ಪು ಬೆಳೆಯುವವನು. ಸೋದರಮಾವನಿಗೇ ಹೆಣ್ಣು ಕೊಡಬೇಕು ಎಂದು ಆ ಕಡೆಯವರು ಹುಡುಗಿ ದೊಡ್ಡವಳಾದ ದಿನದಿಂದ ಬಾಗಿಲು ತಟ್ಟುತ್ತಿದ್ದರು. ಜಯಮೇರಿ ಕುಂಬಾರಕೊಪ್ಪಲಿಗೇ ಹೋಗಿ ಲಿಂಗಯ್ಯನ ಜಗಲಿಯ ಮೇಲೆ ಕೂತು ಮಾತಾಡಿದಳು.

"ಪಾಸಾಗ್ತಾಳೆ ಅಂತೀರಾ ಮಿಸ್ಸಮ್ಮ?" ಎಂದು ಲಿಂಗಯ್ಯ ಕೇಳಿದ.

"ಅವಳಲ್ಲದೆ ಇನ್ಯಾರು ಪಾಸಾಗ್ತಾರೆ ಲಿಂಗಯ್ಯ?"

"ಅಂಗಾದ್ರೆ ಪಾಸಾಗೋಗಂಟ ನಾನು ಯಾರ ಮಾತೂ ಕೇಳಕಿಲ್ಲ. ಪಾಸಾದ್ರೆ ಟ್ರೈನಿಂಗು. ಫೇಲಾದ್ರೆ ಮಾತ್ರ ನನ್ನ ಕೈಲಿ ತಡೆಯಕಾಗಕಿಲ್ಲ ನೋಡಿ, ಮೊದ್ಲೇ ಹೇಳ್ಬುಟ್ಟಿದೀನಿ."

ಒಗ್ಗರಣೆ ಲೆಕ್ಕದಲ್ಲಿ ಚಾಮು ಫೇಲಾಗುವ ಮಾತೇ ಇರಲಿಲ್ಲ. ಹಾಗಾಗಿ ಅಲ್ಲಿಗೆ ಎಲ್ಲ ಸುಸೂತ್ರ ಎಂದು ಇಬ್ಬರೂ ಕಾಫಿ ಕುಡಿದು ಎದ್ದರು.

ಕಮಿಟಿ ಸೇರಿದ್ದು ಆ ವರ್ಷದ ಬೇಸಿಗೆಯಲ್ಲಿ. ಅಧ್ಯಕ್ಷರು ಬಿಂದುಮಾಧವರಾಯರು, ಧಾರವಾಡದ ಕಡೆಯ ರಿಟೈರಾದ ಹೆಡ್‌ಮಾಸ್ತರರು, ತಲೆಯ ಮೇಲೆ ಕರಿ ಟೋಪಿ, ಸಿಟ್ಟೇ ಬಾರದ ಮನುಷ್ಯ. ಇಡೀ ರಾಜ್ಯದ ಎಲ್ಲ ಮಕ್ಕಳಿಗೂ, ಗಂಡಾಗಲಿ ಹೆಣ್ಣಾಗಲಿ, ಅಂಕಗಣಿತ ಬೀಜಗಣಿತ ರೇಖಾಗಣಿತ ಮೂರೂ ಇರಲೇಬೇಕು ಎಂದು ಜಯಮೇರಿ ಮಂಡಿಸಿದಳು. ದೊಡ್ಡ ಗಲಾಟೆಯೇನೂ ಆಗಲಿಲ್ಲ, ಒಪ್ಪಿಬಿಟ್ಟರು. ಅವಳಿಗೆ ಕಣ್ಣಲ್ಲಿ ನೀರು ಬಂತು, ಕೆಮ್ಮಿದ ಹಾಗೆ ಮಾಡಿ ಒರೆಸಿಕೊಂಡಳು. ತೊಡಕು ಬಂದದ್ದು ಯಾವಾಗಿನಿಂದ ಎಂಬ ಮಾತಿಗೆ.

"ಒಂದೀಟು ತಡೀರಿ ಬಾಯಾರ," ಎಂದರು ರಾಯರು. ಅವರ ಕಡೆ ಟೀಚರಮ್ಮನನ್ನು ಕರೆಯುವುದೇ ಹಾಗೆ. "ಈಗ ಅರ್ಧಾ ದಾರಿಗೆ ಬಂದ ಹುಡಿಗ್ಯಾರು ಹಳೇ ಲೆಕ್ಕದಾಗನ ಪಾಸಾಗಿ ಹೋಗ್ಲಿ. ಹೊಸಾದು ಕೆಳಗಿನ ಕ್ಲಾಸಿನಿಂದ ಸುರು ಮಾಡೂಣು. ಎರಡು ವರ್ಷ ತಡಾ ಆಗತದ, ಆಗ್ಲಿ."

ತಡೆಯಿರಿ ಎಂಬ ಮಾತು ಕೇಳಿ ಕೇಳಿ ಜಯಮೇರಿಯ ಕಿವಿ ತೂತು ಬಿದ್ದಿತ್ತು. ತಡೆದರೆ ಹೆಡ್‌ಮಾಸ್ತರುಗಳು ಒಂದಲ್ಲ ಒಂದು ನೆಪ ಹೇಳಿ ಮತ್ತೆ ಹತ್ತು ವರ್ಷ ತಳ್ಳುತ್ತಾರೆ, ಹೆಣ್ಣುಮಕ್ಕಳ ಸ್ಕೂಲಿಗೆ ಲೆಕ್ಕದ ಟೀಚರನ್ನೇ ಹಾಕುವುದಿಲ್ಲ. ಇದು ಸುಳ್ಳೇನೂ ಆಗಿರಲಿಲ್ಲ. ಅದರ ಜೊತೆಗೆ ಎದೆಯೊಳಗೆ ಹೆಮ್ಮೆಯೂ ಒಂದು ಕೂತಿತ್ತು.

"ನಮ್ಮ ಹೆಣ್ಣುಮಕ್ಕಳಿಗೆ ರಿಯಾಯಿತಿ ಬೇಡ ರಾಯರೇ," ಎಂದಳು. "ನನ್ನ ಕ್ಲಾಸಿನಲ್ಲಿ ಒಬ್ಬಳಿದಾಳೆ, ಕುಂಬಾರಕೊಪ್ಪಲಿನವಳು. ಒಂದೇ ವರ್ಷದಲ್ಲಿ ಅಷ್ಟನ್ನೂ ಕಲಿತು ತೋರಿಸ್ತಾಳೆ. ಈ ಜೂನಿನಿಂದಲೇ ಆಗಲಿ."

ಅಂಕ ಕೊಡುವ ಕ್ರಮವನ್ನೂ ಒಂದು ಮಾಡಬೇಕಿತ್ತು. ಬರಿಯ ಉತ್ತರಕ್ಕೆ ಕೆಲವು ಕಡೆ ಪೂರ್ತಿ ಅಂಕ ಕೊಡುತ್ತಿದ್ದರು, ಕೆಲವು ಕಡೆ ಅರ್ಧ. ಜಯಮೇರಿ ಎದ್ದು ನಿಂತು, ಬಿಡಿಸಿದ ಕ್ರಮ ಬರೆಯದಿದ್ದರೆ ಉತ್ತರ ಸರಿಯಿದ್ದರೂ ಒಂದಂಕವೂ ಬೇಡ ಎಂದಳು. ಕ್ರಮ ಕಣ್ಣೆದುರಿಗಿದ್ದರೆ ಯಾರು ಹೇಳಿಕೊಟ್ಟರು ಎಂದು ಇನ್ನು ಯಾವ ಇನ್‌ಸ್ಪೆಕ್ಟರೂ ಯಾವ ಹುಡುಗಿಯನ್ನೂ ಕೇಳಲಾರ ಎಂಬುದು ಅವಳ ಮನಸ್ಸಿನಲ್ಲಿದ್ದದ್ದು. ರಾಯರು ಅದನ್ನು ಬರೆದುಕೊಂಡರು.

ಜೂನಿನಲ್ಲಿ ಚಾಮು ಎಸ್ಸೆಸ್ಸೆಲ್ಸಿ ಕ್ಲಾಸಿಗೆ ಬಂದಳು, ಹೊಸ ಲೆಕ್ಕವೂ ಬಂತು. ಗಂಡುಮಕ್ಕಳು ಮೂರು ವರ್ಷ ಕಲಿತದ್ದನ್ನು ಆ ಹುಡುಗಿಯರು ಒಂದು ವರ್ಷದಲ್ಲಿ ನುಂಗಬೇಕು. ಜಯಮೇರಿ ದಿನವೂ ಸ್ಕೂಲು ಶುರುವಾಗುವ ಮೊದಲೇ ಪಾಠ ಇಟ್ಟುಕೊಂಡಳು. ಕೆಲವು ಹುಡುಗಿಯರು ಅತ್ತರು, ಕೆಲವರು ಸ್ಕೂಲನ್ನೇ ಬಿಟ್ಟರು. ಚಾಮು ಮಾತ್ರ ಹೊಸ ಸೀರೆ ಬಿಚ್ಚಿ ನೋಡುವವಳ ಹಾಗೆ ಬೀಜಗಣಿತದ ಪುಸ್ತಕ ತಿರುವಿ ಹಾಕುತ್ತಿದ್ದಳು. ಅವಳ ಕಷ್ಟ ಬೇರೆ. ಅವಳಿಗೆ ಉತ್ತರ ಮೊದಲು ಕಾಣುತ್ತಿತ್ತು, ಆಮೇಲೆ ಹಿಂದಕ್ಕೆ ಹೋಗಿ ದಾರಿ ಬರೆಯಬೇಕಿತ್ತು. ಅದಕ್ಕೇ ಹೊತ್ತು ಹಿಡಿಯುತ್ತಿತ್ತು.

"ಮನೆ ಸೇರುದ್ಮೇಲೆ ವಾಪಸ್ ಹೋಗಿ ದಾರಿ ಗುಡಿಸ್ದಂಗೆ ಆಯ್ತದೆ ಮಿಸ್," ಎಂದು ಒಂದು ದಿನ ನಕ್ಕಳು.

"ಗುಡಿಸು. ಪುಕ್ಕಟೆ ಏನೂ ಸಿಗಲ್ಲ," ಎಂದು ಜಯಮೇರಿ ಗದರಿಸಿದಳು. ಗದರಿಸಿದಳೇ ಹೊರತು ಶನಿವಾರದ ಬಾಯಿಲೆಕ್ಕ ಬಿಡಲಿಲ್ಲ. ವಾರವೆಲ್ಲ ಬರೆಯಿರಿ ಬರೆಯಿರಿ ಎಂದು ಹೇಳಿ, ಬರೆಯದಿದ್ದರೆ ಸೊನ್ನೆ ಎಂದರೆ ಹೆದರಿಯಾರೆಂದು ಅದೊಂದನ್ನು ಹೇಳದೆ, ಶನಿವಾರ ಬಂದರೆ ಕೈ ಹಿಂದಕ್ಕೆ ಎನ್ನುತ್ತಿದ್ದಳು. ಚಾಮು ಮೊದಲು ಕೂರುವುದನ್ನು ನೋಡದೆ ಅವಳಿಗೆ ವಾರ ಮುಗಿದ ಹಾಗೆ ಅನ್ನಿಸುತ್ತಿರಲಿಲ್ಲ. ಆ ಸುಖ ಬಿಡುವುದು ಅವಳ ಕೈಲಿ ಆಗಲಿಲ್ಲ.

ಪರೀಕ್ಷೆಯ ದಿನ ಪ್ರಶ್ನೆಪತ್ರಿಕೆ ಉದ್ದವಾಗಿತ್ತು. ನಾಲ್ಕೂ ಸೀಮೆಯ ಮೇಷ್ಟ್ರುಗಳು ಸೇರಿ ಮಾಡಿದ್ದು, ಒಬ್ಬೊಬ್ಬರೂ ತಮಗೆ ಇಷ್ಟವಾದದ್ದನ್ನೆಲ್ಲ ತುರುಕಿದ್ದರು. ಜಯಮೇರಿ ಗೇಟಿನ ಹತ್ತಿರ ಹೊಂಗೆ ಮರದ ಕೆಳಗೆ ಕಾದು ನಿಂತಿದ್ದಳು. ಬೇರೆ ಹುಡುಗಿಯರೆಲ್ಲ ಮುಖ ಸಪ್ಪೆ ಮಾಡಿಕೊಂಡು ಬಂದರು. ಚಾಮು ಓಡಿಕೊಂಡು ಬಂದಳು.

"ಎಲ್ಲಾ ಮಾಡ್ಬುಟ್ಟೆ ಮಿಸ್!"

"ಎಲ್ಲಾನೂ? ಟೈಂ ಸಾಕಾಯ್ತಾ?"

"ಎಲ್ಲಿ ಸಾಕಾಯ್ತದೆ ಮಿಸ್? ರೇಖಾಗಣಿತದಲ್ಲೇ ಅರ್ಧ ಹೊತ್ತು ಹೊಂಟೋಯ್ತು. ಆಮೇಲೆ ನೋಡ್ದೆ, ಇನ್ನೂ ಅರ್ಧ ಪೇಪರ್ ಅಂಗೇ ಅದೆ, ವಾರ್ನಿಂಗ್ ಬೆಲ್ ಹೊಡುದ್ಬುಟ್ರು. ಆಗ ಶನಿವಾರ ಅಂದ್ಕೊಂಡೆ ಮಿಸ್. ಕಣ್ಣು ಮುಚ್ಚಿ, ಕೈ ಹಿಂದಕ್ಕೆ ಕಟ್ಕೊಂಡು ಒಂದೊಂದೇ ಮಾಡಿ ಉತ್ತರ ಬರ್ದೆ. ಒಂದೂ ತಪ್ಪಿಲ್ಲ. ಬೇಕಾದ್ರೆ ಕೇಳಿ ಮಿಸ್."

ಜಯಮೇರಿ ಕೇಳಿದಳು. ಒಂದೂ ತಪ್ಪಿರಲಿಲ್ಲ. ಹುಡುಗಿ ಕೊಂಡಾಟಕ್ಕೆ ಕಾಯುತ್ತ ಬಾಯಿ ಮುಚ್ಚಿಕೊಂಡು ನಗುತ್ತಿದ್ದಳು. ಜಯಮೇರಿಗೆ ಕಮಿಟಿಯಲ್ಲಿ ತಾನೇ ಆಡಿದ ಮಾತು ನೆನಪಾಯಿತು. "ಬುದ್ಧಿವಂತೆ," ಎಂದಳು. ಚಾಮು ಅಷ್ಟಕ್ಕೇ ಹಿಗ್ಗಿ ಜಡೆ ಕುಣಿಸಿಕೊಂಡು ಮನೆಯ ದಾರಿ ಹಿಡಿದಳು.

ಏಪ್ರಿಲಿನಲ್ಲಿ ಉತ್ತರಪತ್ರಿಕೆ ನೋಡಲು ಬೆಂಗಳೂರಿಗೆ ಕರೆ ಬಂತು. ದೊಡ್ಡದೊಂದು ಹಾಲು, ಸಾಲುಸಾಲು ಮೇಜು. ಒಂದು ಸೀಮೆಯ ಪೇಪರನ್ನು ಇನ್ನೊಂದು ಸೀಮೆಯವರು ನೋಡಬೇಕೆಂಬುದು ಹೊಸ ಪದ್ಧತಿ. ಜಯಮೇರಿಯ ಮುಂದೆ ರಾಯಚೂರಿನ ಕಡೆಯ ಕಟ್ಟು ಬಂತು. ಮೈಸೂರಿನ ಕಟ್ಟುಗಳು ಕಿಟಕಿಯ ಬದಿಯ ಸಾಲಿಗೆ ಹೋದವು. ಎದುರಿನ ಕರಿಹಲಗೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಕ್ರಮವಿಲ್ಲದ ಉತ್ತರಕ್ಕೆ ಅಂಕವಿಲ್ಲ. ಕಮಿಟಿಯಲ್ಲಿ ಜಯಮೇರಿ ಆಡಿದ ಮಾತು ಅಕ್ಷರ ಕೂಡ ಬದಲಾಗದೆ ಅಲ್ಲಿ ಕೂತಿತ್ತು.

ಮೂರನೆಯ ದಿನವೋ ಏನೋ, ಅವಳ ಕೈಗೆ ಒಂದು ಪೇಪರು ಬಂತು. ಮೊದಲರ್ಧ ಅಚ್ಚುಕಟ್ಟಾಗಿ ಬಿಡಿಸಿದ್ದು. ಆಮೇಲೆ ಬರಿಯ ಉತ್ತರಗಳು. ತೊಟ್ಟಿ ಮತ್ತು ನಲ್ಲಿಯ ಲೆಕ್ಕಕ್ಕೆ ಉತ್ತರ ಸರಿಯಾಗಿ ಬರೆದು ಕೆಳಗೆ ಗೆರೆ ಎಳೆದಿತ್ತು ಆ ಮಗು. ಹುಡುಗನೋ ಹುಡುಗಿಯೋ ಗೊತ್ತಿಲ್ಲ. ಆ ದೂರದ ಊರಲ್ಲೂ ಯಾರೋ ಒಬ್ಬ ಟೀಚರು ಬಾಯಿಲೆಕ್ಕ ಕಲಿಸಿದ್ದಾರೆ, ಈ ಮಗುವಿಗೂ ಸಣ್ಣ ನಲ್ಲಿಗಳು ಕಂಡಿವೆ ಎಂದು ಜಯಮೇರಿಗೆ ಗೊತ್ತಾಯಿತು. ಕೆಂಪು ಪೆನ್ಸಿಲ್ ಕೆಳಗಿಟ್ಟಳು. ಅವಳು ಎದ್ದು ಆ ಪೇಪರನ್ನು ರಾಯರ ಮೇಜಿಗೆ ತೆಗೆದುಕೊಂಡು ಹೋದಳು.

ರಾಯರು ಕನ್ನಡಕ ಹಾಕಿಕೊಂಡು ನೋಡಿದರು. "ಉತ್ತರ ಎಲ್ಲಾ ಬರೋಬರಿ ಅದಾವ. ಕ್ರಮ ಇಲ್ಲ."

"ಇಂಥದ್ದಕ್ಕೆ... ಸ್ವಲ್ಪವಾದರೂ ಕೊಡಬಹುದಾ ರಾಯರೇ?"

ರಾಯರು ಪೇಪರು ಕೆಳಗಿಟ್ಟರು. "ನೋಡ್ರಿ ಬಾಯಾರ, ಒಬ್ಬರಿಗೆ ಕೊಟ್ರ ಎಲ್ಲಾರಿಗೂ ಕೊಡಬೇಕು. ನಿಮಗ ಮನಸ್ಸಿನಾಗ ಏನರ ಅದ ಅಂದ್ರ ಹೇಳ್ರಿ. ಇವತ್ತ ಊಟಕ್ಕ ಏಳೂದ್ರಾಗ ಎಲ್ಲಾ ಮೇಜಿಗೂ ಹೇಳಸ್ತೀನಿ, ಸರಿ ಉತ್ತರಕ್ಕ ಅರ್ಧಾ ಅಂಕ ಕೊಡ್ರಿ ಅಂತ. ಆಗಲೇ ನೋಡಿದ್ದನ್ನೂ ಮತ್ತ ತೆಗಸೂಣು. ಆದ್ರ ಈ ನಿಯಮಾ ತಂದಾವರು ನೀವು. ಬ್ಯಾಡ ಅನ್ನೂದಾದ್ರ ನೀವ ಅನಬೇಕು."

ಸುತ್ತಲಿನ ಮೇಜುಗಳಲ್ಲಿ ಪೆನ್ಸಿಲ್ ಸದ್ದು ನಿಂತಿತು. ಯಾರೋ ಒಬ್ಬರು ಪಕ್ಕದವರ ಕಡೆ ಬಾಗಿ ಏನೋ ಹೇಳಿದರು, ಇಬ್ಬರೂ ಮೀಸೆಯೊಳಗೇ ನಕ್ಕರು. ಜಯಮೇರಿಗೆ ತಾನು ಹದಿಮೂರು ವರ್ಷದವಳಿದ್ದಾಗಿನ ಆ ಕ್ಲಾಸು ಕಣ್ಣಿಗೆ ಕಟ್ಟಿತು. ರಿಯಾಯಿತಿ ಬೇಡ ಎಂದವಳು ಇವಳೇ, ಈಗ ರಿಯಾಯಿತಿ ಕೇಳುತ್ತಿದ್ದಾಳೆ, ಹೆಂಗಸರ ಹಣೆಬರಹವೇ ಇಷ್ಟು ಎನ್ನುತ್ತಾರೆ. ಯಾಕೆ ಕೇಳುತ್ತೀ ಎಂದರೆ ಕುಂಬಾರಕೊಪ್ಪಲಿನ ಒಬ್ಬಳು ಹುಡುಗಿಗಾಗಿ ಎನ್ನಬೇಕಾಗುತ್ತದೆ. ಕಿಟಕಿಯ ಬದಿಯ ಸಾಲಿನಲ್ಲಿ ಯಾರ ಕೈಯಲ್ಲೋ ಆ ಹುಡುಗಿಯ ಪೇಪರಿತ್ತು. ಒಂದು ಮಾತು ನಾಲಿಗೆಯ ತುದಿಗೆ ಬಂದಿತ್ತು.

"ಬೇಡ ರಾಯರೇ," ಎಂದಳು. "ನಿಯಮ ಅಂದಮೇಲೆ ನಿಯಮ. ಸುಮ್ಮನೆ ಕೇಳಿದೆ."

"ಖರೇನಾ?"

"ಹೌದು."

ಅವಳು ತನ್ನ ಜಾಗಕ್ಕೆ ಬಂದು ಕೂತು ಆ ಮಗುವಿನ ತೊಟ್ಟಿಯ ಲೆಕ್ಕದ ಪಕ್ಕದಲ್ಲಿ ಸೊನ್ನೆ ಹಾಕಿದಳು. ಕೆಳಗಿನದಕ್ಕೂ ಸೊನ್ನೆ, ಅದರ ಕೆಳಗಿನದಕ್ಕೂ ಸೊನ್ನೆ. ಕೂಡಿದಾಗ ಆ ಮಗು ಫೇಲಾಯಿತು. ಹೆಸರು ಕೂಡ ತಿಳಿಯದ ಆ ಮಗುವಿಗಾಗಿ, ಕಿಟಕಿಯ ಸಾಲಿನಲ್ಲಿ ಇದೇ ಸೊನ್ನೆ ಹಾಕಿಸಿಕೊಳ್ಳುತ್ತಿದ್ದ ತನ್ನವಳಿಗಾಗಿ ಅವಳು ಒಳಗೊಳಗೇ ಅತ್ತಳು. ಕಣ್ಣಲ್ಲಿ ಒಂದು ಹನಿಯೂ ಬರದಂತೆ ನೋಡಿಕೊಂಡಳು, ಅದರಲ್ಲಿ ಅವಳು ಪಳಗಿದ್ದಳು.

ಫಲಿತಾಂಶ ಜೂನಿನ ಮೊದಲ ವಾರ ಬಂತು. ಚಾಮು ಕನ್ನಡದಲ್ಲಿ, ಇಂಗ್ಲಿಷಿನಲ್ಲಿ, ಉಳಿದದ್ದರಲ್ಲೆಲ್ಲ ಪಾಸಾಗಿದ್ದಳು. ಲೆಕ್ಕದಲ್ಲಿ ಇಪ್ಪತ್ತೆಂಟು. ಪಾಸಾಗಲು ಮೂವತ್ತೈದು ಬೇಕಿತ್ತು. ಸ್ಕೂಲಿನ ಹುಡುಗಿಯರು ಬೋರ್ಡಿನ ಮುಂದೆ ನಿಂತು, ಬೇರೆ ಯಾರದೋ ಅಂಕ ಇರಬೇಕು ಎಂದು ಪಿಸುಗುಟ್ಟಿದರು. ಚಾಮು ನೇರ ಮನೆಗೆ ಹೋದಳಂತೆ.

ಜಯಮೇರಿ ಕುಂಬಾರಕೊಪ್ಪಲಿಗೆ ಹೋಗಲು ಧೈರ್ಯ ಮಾಡುವಷ್ಟರಲ್ಲಿ ಲಿಂಗಯ್ಯನ ಮನೆಯ ಮುಂದೆ ಚಪ್ಪರ ಏಳುತ್ತಿತ್ತು. ಆಷಾಢ ಬಂದರೆ ಮದುವೆ ಮಾಡುವ ಹಾಗಿಲ್ಲ, ಆದ್ದರಿಂದ ಗಂಡಿನವರು ಅದಕ್ಕೆ ಮೊದಲೇ ಮುಹೂರ್ತ ಇಡಿಸಿದ್ದರು. ಹಿತ್ತಲಿನ ಕಡೆ ಕೂತಿದ್ದ ಚಾಮು ಟೀಚರನ್ನು ನೋಡಿ ಎದ್ದು ನಿಂತಳು. ಅಭ್ಯಾಸಬಲವೋ ಏನೋ, ಕೈಗಳು ಬೆನ್ನ ಹಿಂದಕ್ಕೆ ಹೋದವು.

"ಎಲ್ಲಿ ತಪ್ಪಾಯ್ತು ಮಿಸ್? ನಾನು ಮತ್ತೆ ಮತ್ತೆ ಮಾಡಿ ನೋಡ್ದೆ. ಎಲ್ಲಾ ಸರಿಯಾಗೇ ಬತ್ತದೆ."

ಜಯಮೇರಿ ಸುಳ್ಳು ಹೇಳಲು ಬಂದಿರಲಿಲ್ಲ. "ತಪ್ಪಾಗಿಲ್ಲ ಚಾಮು. ನಿನ್ನ ಲೆಕ್ಕ ಎಲ್ಲಾ ಸರಿ. ಕ್ರಮ ಬರೀಲಿಲ್ಲ ಅಂತ ಅಂಕ ಕೊಡಲಿಲ್ಲ. ಆ ನಿಯಮ ತಂದೋಳು ನಾನೇ. ನೀನು ಗೇಟಿನ ಹತ್ತಿರ ಬಂದು ಹೇಳಿದ ದಿನವೇ ನನಗೆ ಗೊತ್ತಾಗಿತ್ತು."

ಹುಡುಗಿ ಬೈಯುತ್ತಾಳೆ ಎಂದು ಜಯಮೇರಿ ಕಾದಳು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

"ಅಂಗಾದ್ರೆ ನಾನು ದಡ್ಡಿ ಅಲ್ಲ ಅಲ್ವಾ ಮಿಸ್?" ಎಂದಳು ಚಾಮು. "ಅಪ್ಪಂಗೆ ಅದೊಂದು ಮಾತು ಹೇಳ್ಬುಟ್ಟು ಹೋಗಿ. ಅವರು ನನ್ನ ಮುಖಾನೇ ನೋಡ್ತಿಲ್ಲ."

ಲಿಂಗಯ್ಯ ಚಪ್ಪರದ ಗಳ ಕಟ್ಟುತ್ತಿದ್ದ. ಜಯಮೇರಿ ಅವನ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಕಮಿಟಿಯ ಮಾತು, ಹೊಸ ನಿಯಮ, ಬೆಂಗಳೂರಿನ ಹಾಲು, ಬದಲಾಯಿಸುತ್ತೇನೆ ಎಂದು ರಾಯರು ಹೇಳಿದ್ದು, ತಾನು ಬೇಡ ಎಂದದ್ದು. ಅವನು ಹಗ್ಗ ಹಿಡಿದುಕೊಂಡೇ ಕೇಳಿದ.

"ಸರಿಯಾಗಿ ಬರುದ್ಲಾ ನನ್ನ ಮಗಳು?"

"ಎಲ್ಲಾ ಸರಿಯಾಗಿ ಬರೆದಿದ್ಲು ಲಿಂಗಯ್ಯ."

"ಅವಳು ಓದ್ಬೇಕು ಅಂತ ನಮ್ಮನೆ ಜಗಲಿಗೆ ಬಂದು ಕೂತೋರು ನೀವು. ನೀವೇ ಬೇಡ ಅಂದ್ರಾ ಮಿಸ್ಸಮ್ಮ?"

ಲಿಂಗಯ್ಯ ಹಗ್ಗದ ಗಂಟು ಬಿಗಿದು ಹೆಗಲ ಮೇಲಿನ ಟವಲಿನಿಂದ ಕಣ್ಣೊರೆಸಿಕೊಂಡ. ಬೀಗರಿಗೆ ಕೊಟ್ಟ ಮಾತನ್ನು ಈಗ ಹಿಂದಕ್ಕೆ ತೆಗೆದುಕೊಳ್ಳುವ ಹಾಗಿರಲಿಲ್ಲ. ಆದರೆ ಸೆಪ್ಟೆಂಬರಿನಲ್ಲಿ ಮರುಪರೀಕ್ಷೆ ಇದೆ ಎಂದು ಜಯಮೇರಿ ಹೇಳಿದಾಗ, ಅವನು ಮುಖ ಎತ್ತಿದ.

"ಪರೀಕ್ಷೆಗೆ ಕಟ್ಟುಸ್ಬುಡಿ. ಅಳೀಮಯ್ಯ ನನ್ನ ಹೆಂಡ್ತಿ ತಮ್ಮನೇ ತಾನೆ, ಇಲ್ಲ ಅನ್ನಕಿಲ್ಲ. ನಾನೇ ಹೋಗಿ ಕರ್ಕೊಂಡು ಬತ್ತೀನಿ."

ಮದುವೆಯಾಯಿತು. ಹೊಸ ಮದುಮಗಳು ಆಷಾಢದಲ್ಲಿ ಅತ್ತೆಯ ಮನೆಯಲ್ಲಿ ಇರಬಾರದಲ್ಲ, ಚಾಮು ತವರಿಗೆ ಬಂದಳು. ಆ ಒಂದು ತಿಂಗಳು ದಿನಾ ಬೆಳಿಗ್ಗೆ ಕುಂಬಾರಕೊಪ್ಪಲಿನಿಂದ ಚರ್ಚಿನ ಹಿಂದಿನ ಬೀದಿಗೆ ನಡೆದುಕೊಂಡು ಬರುತ್ತಿದ್ದಳು, ಕೈತುಂಬ ಹಸಿರು ಬಳೆ, ಕುತ್ತಿಗೆಯಲ್ಲಿ ಇನ್ನೂ ಅರಿಶಿನ ಮಾಸದ ದಾರ. ಸೆಲ್ವರಾಜ್ ಮನೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದಳು. ಶನಿವಾರದ ಮಾತನ್ನು ಇಬ್ಬರೂ ಎತ್ತುತ್ತಿರಲಿಲ್ಲ. ಉತ್ತರ ಹೊಳೆದ ತಕ್ಷಣ ಅವಳ ಕಣ್ಣು ಮಿನುಗುವುದು ಜಯಮೇರಿಗೆ ಕಾಣುತ್ತಿತ್ತು. ಆದರೂ ಹುಡುಗಿ ತಲೆ ತಗ್ಗಿಸಿ, ತಾನು ಬಲ್ಲದ್ದನ್ನು ಬಲ್ಲೆನೆಂದು ತೋರಿಸದೆ, ಮೇಲಿನಿಂದ ಕೆಳಗೆ ಒಂದೊಂದೇ ಸಾಲು ಬರೆಯುತ್ತಿದ್ದಳು. ತಿಂಗಳು ಮುಗಿಯುವಾಗ ತೊಟ್ಟಿಯ ಲೆಕ್ಕ ಪುಟದ ಉದ್ದಕ್ಕೂ ಇಳಿದಿತ್ತು.

"ನೋಡಿ ಮಿಸ್. ಈ ಸಲ ಒಂದೂ ಬುಟ್ಟಿಲ್ಲ."

ಒಂದೂ ಬಿಟ್ಟಿರಲಿಲ್ಲ. ಯಾವ ಸೀಮೆಯ ಯಾವ ಮೇಷ್ಟರೂ ಒಂದಂಕ ಕಿತ್ತುಕೊಳ್ಳುವ ಹಾಗಿರಲಿಲ್ಲ. ಶ್ರಾವಣ ಬಂತು, ಗಂಡ ಬಂದು ಕರೆದುಕೊಂಡು ಹೋದ. ಹಾಲ್ ಟಿಕೇಟು ಬಂದಾಗ ಲಿಂಗಯ್ಯನೇ ಒಯ್ದು ಮಗಳ ಕೈಗೆ ಕೊಟ್ಟು ಬಂದ.

ಸೆಪ್ಟೆಂಬರಿನ ಪರೀಕ್ಷೆಗೆ ಜಯಮೇರಿಯ ಸ್ಕೂಲೇ ಸೆಂಟರು, ಜಯಮೇರಿಯೇ ಮೇಲ್ವಿಚಾರಕಿ. ಬೆಲ್ಲು ಹೊಡೆಯಿತು. ಪತ್ರಿಕೆ ಹಂಚಿ ಆಯಿತು. ಕಿಟಕಿಯ ಪಕ್ಕದ ಒಂದು ಡೆಸ್ಕು ಖಾಲಿ ಇತ್ತು. ಪರೀಕ್ಷೆ ಶುರುವಾಗಿ ಅರ್ಧ ಗಂಟೆಯಾದ ಮೇಲೆ ಗೇಟು ಹಾಕಬೇಕು, ಆಮೇಲೆ ಯಾರನ್ನೂ ಒಳಗೆ ಬಿಡಬಾರದು. ಅದೂ ಇಡೀ ರಾಜ್ಯಕ್ಕೆ ಒಂದೇ ನಿಯಮ.

ಜವಾನ ಕಾಳಯ್ಯ ಬಂದು, "ಅರ್ಧ ಗಂಟೆ ಆಯ್ತು. ಗೇಟ್ ಹಾಕ್ಲಾ ಮಿಸ್?" ಎಂದ.

"ಇರಲಿ ಕಾಳಯ್ಯ."

ಇಷ್ಟು ವರ್ಷದಲ್ಲಿ ಅರ್ಧ ನಿಮಿಷ ತಡವಾಗಿ ಬಂದವಳನ್ನೂ ಮನೆಗೆ ಕಳಿಸಿದ್ದ ಮಿಸ್ಸು ಹೀಗೆನ್ನುವುದನ್ನು ಅವನು ಕೇಳಿರಲಿಲ್ಲ. ಒಂದು ಗಂಟೆಯಾದಾಗ ಮತ್ತೆ ಬಂದ. ಯಾರಾದರೂ ಸಾಹೇಬರು ನೋಡಿದರೆ ಕಷ್ಟ ಎಂದ. ಇರಲಿ ಎಂದಳು. ಹುಣಸೂರಿನ ಬಸ್ಸು ಕೆಟ್ಟಿರಬಹುದು, ದಾರಿಯಲ್ಲಿ ಮಳೆಯಿರಬಹುದು. ಅರ್ಧ ಹೊತ್ತು ಸಿಕ್ಕರೂ ಚಾಮುವಿಗೆ ಸಾಕು, ಪಾಸಾಗುವಷ್ಟು ಬರೆಯುತ್ತಾಳೆ. ಕಾಲು ಭಾಗ ಸಿಕ್ಕರೂ ಸಾಕು. ಜಯಮೇರಿ ಹಾಲನ್ನು ಇನ್ನೊಬ್ಬ ಟೀಚರಿಗೆ ಒಪ್ಪಿಸಿ ಹೊರಗೆ ಬಂದು ಹೊಂಗೆ ಮರದ ಕೆಳಗೆ ನಿಂತಳು.

ಪರೀಕ್ಷೆ ಶುರುವಾಗಿ ಎರಡು ಗಂಟೆ ದಾಟಿದ ಮೇಲೆ ಬೀದಿಯ ತಿರುವಿನಲ್ಲಿ ಲಿಂಗಯ್ಯ ಕಾಣಿಸಿಕೊಂಡ. ಒಬ್ಬನೇ ಬರುತ್ತಿದ್ದ. ಬಸ್ಸಿನ ಧೂಳು ಮೈತುಂಬ ಇತ್ತು.

"ಕಳುಸ್ಲಿಲ್ಲ ಮಿಸ್ಸಮ್ಮ," ಎಂದ. "ನೆನ್ನೇನೇ ಹೋಗಿದ್ದೆ. ಹೊಗೆಸೊಪ್ಪು ಗೂಡಿಗೆ ಏರ್ಸಿ ಬೇಯಿಸೋ ಕಾಲ, ಮನೇಲಿ ಕೈ ಸಾಲಾಕಿಲ್ಲ ಅಂದ್ರು. ಕಾಲು ಹಿಡ್ಕೊಂಡೆ. ಮದ್ವೆ ಆದೋಳಿಗೆ ಯಾತರ ಪರೀಕ್ಷೆ ಅಂತ ನಗಾಡುದ್ರು."

"ಚಾಮು?"

"ಹಾಲ್ ಟಿಕೇಟ್ನ ಸೆರಗಿಗೆ ಕಟ್ಕೊಂಡು ಬಾಗಿಲಗಂಟ ಬಂದ್ಲು. ಅಲ್ಲೇ ನಿಂತ್ಕೊಂಡ್ಲು. ಮಿಸ್ಸಿಗೆ ಹೇಳಪ್ಪ, ನಂಗೆ ಈಗ ಎಲ್ಲಾ ಬರಿಯಕ್ಕೆ ಬತ್ತದೆ ಅಂತ, ಅಂದ್ಲು."

ಲಿಂಗಯ್ಯ ಗೇಟಿನ ಕಂಬ ಹಿಡಿದುಕೊಂಡ. ಆಗ ಅವನ ಕಣ್ಣಿಗೆ ಅದು ಬಿತ್ತು. "ಗೇಟು ತೆಗ್ದೇ ಅದಲ್ಲ ಮಿಸ್ಸಮ್ಮ? ಇಷ್ಟೊತ್ತಾದ್ಮೇಲೂ ಒಳೀಕೆ ಬುಡ್ತೀರಾ?"

"ಇವತ್ತು ಬಿಡ್ತಿದ್ದೆ ಲಿಂಗಯ್ಯ," ಎಂದಳು ಜಯಮೇರಿ. ಈಗ ಅಳುವನ್ನು ಅವಳು ತಡೆಯಲಿಲ್ಲ, ಕೆಮ್ಮಿದ ಹಾಗೂ ಮಾಡಲಿಲ್ಲ.

ಅವನು ಮರದ ಬುಡದಲ್ಲಿ ಕುಕ್ಕರುಗಾಲಿನಲ್ಲಿ ಕೂತ. ಅವಳು ಪಕ್ಕದಲ್ಲಿ ನಿಂತಿದ್ದಳು. ಒಳಗೆ ಹುಡುಗಿಯರು ಬರೆಯುತ್ತಿದ್ದರು. ಕಾಳಯ್ಯ ಮತ್ತೆ ಬಂದು ಕೇಳಲಿಲ್ಲ, ಕೊನೆಯ ಬೆಲ್ಲು ಹೊಡೆಯುವವರೆಗೂ ಗೇಟು ತೆಗೆದೇ ಇತ್ತು.